ಹಂಡೆಯಾದ ಅವ್ವ, ಹೆಸರಿಲ್ಲದ ಹೂವು

ಬಹಳ ಹಿಂದೆ, ಬೆಟ್ಟಗಳಿಗೆ ಜನ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಜವೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ವರ್ಷದಲ್ಲಿ ಒಂಬತ್ತು ತಿಂಗಳು ಚಳಿ, ಉಳಿದ ಮೂರು ತಿಂಗಳು ಸ್ವಲ್ಪ ಕಡಿಮೆ ಚಳಿ. ಭತ್ತ ಬೆಳೆಯದು, ರಾಗಿ ಬೆಳೆಯದು. ಜವೆಗೋಧಿ ಮಾತ್ರ ಸೊಂಟದೆತ್ತರ ಬೆಳೆಯುತ್ತಿತ್ತು. ಬೇಲಿಯ ಮೇಲೆ ಕಹಿಹೂವಿನ ಬಳ್ಳಿ ತನ್ನ ಪಾಡಿಗೆ ತಾನು ಹಬ್ಬಿಕೊಳ್ಳುತ್ತಿತ್ತು. ಜವೆಯನ್ನು ಮೊಳಕೆ ಬರಿಸಿ, ಒಣಗಿಸಿ, ಕುಟ್ಟಿ, ಬಿಸಿನೀರಲ್ಲಿ ನೆನೆಸಬೇಕು. ಆ ಸಿಹಿನೀರು ಸೋಸಿ ಹಂಡೆಯಲ್ಲಿ ಕುದಿಸಬೇಕು, ಕುದಿಯುವಾಗ ಕಹಿಹೂವು ಹಾಕಬೇಕು, ಆರಿಸಿ ಹುದುಗಲು ಬಿಡಬೇಕು. ಒಂಬತ್ತು ದಿನಕ್ಕೆ ಜವೆಗಳ್ಳು ಸಿದ್ಧ. ಹೇಳುವುದಕ್ಕೆ ಇಷ್ಟೇ, ಮಾಡಿದವರಿಗೆ ಗೊತ್ತು ಅದರ ಕಷ್ಟ.

ಜವೆಗಿರಿಯಲ್ಲಿ ಹೊತ್ತು ಅಳೆಯುವ ಯಂತ್ರಗಳಿರಲಿಲ್ಲ. ಕುದಿಯುವ ಹೊತ್ತನ್ನು ಹಾಡಿನಲ್ಲಿ ಅಳೆಯುತ್ತಿದ್ದರು. ಒಂದು ಹಂಡೆಗೆ ಏಳು ಹಾಡು. ಮೊದಲ ಹಾಡು ಎತ್ತಿಕೊಂಡಾಗ ಹೂವು ಹಾಕಬೇಕು, ಏಳನೆಯದು ಮುಗಿದಾಗ ಉರಿ ತೆಗೆಯಬೇಕು. ಏಳೇ ಯಾಕೆ ಅಂದರೆ ಮೊದಲು ಕಳ್ಳು ಕಾಯಿಸಿದ ಊರ ತಾತ ಹಾಡಿದ್ದು ಏಳು. ತಾತ ಯಾಕೆ ಏಳು ಹಾಡಿದ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೊದಲ ಹಾಡು ಹೀಗಿತ್ತು:

ಉರಿಯೇ ಉರಿಯೇ ಮೆಲ್ಲಗೆ ಉರಿಯೇ
ಹಂಡೆಯ ಮೈಗೆ ನೋವಾಗದಿರಲಿ

ಎಲ್ಲರೂ ಹಾಡುತ್ತಿದ್ದರು. ಏನು ಹಾಡುತ್ತಿದ್ದೇವೆ ಎಂದು ಯೋಚಿಸಿದವರು ಕಡಿಮೆ.

ಇನ್ನೊಂದು ಪದ್ಧತಿಯಿತ್ತು, ಅದನ್ನು ಮರೆಯಬೇಡಿ, ಕತೆಯೆಲ್ಲ ಅದರ ಮೇಲೇ ನಿಂತಿದೆ. ಯಾರೇ ಕಳ್ಳು ಕಾಯಿಸಲಿ, ಮೊದಲ ಬಟ್ಟಲು ಬೇರೆಯವರಿಗೆ. ಕುಡಿದವರು ಹಂಡೆಯ ಮೇಲೆ ಕೈಯಿಟ್ಟು ಒಂದು ಕೊರತೆ ಹೇಳಬೇಕು. ಕಾಯಿಸಿದವರು "ಒಪ್ಪಿದೆ" ಅನ್ನಬೇಕು. ಅಲ್ಲಿಗೆ ಮುಗಿಯಿತು, ಮುಂದಿನ ಸಲ ಕಳ್ಳು ಇನ್ನಷ್ಟು ಚೆನ್ನಾಗಿರುತ್ತಿತ್ತು. ಹಂಡೆ ಮುಟ್ಟಿ ಸುಳ್ಳು ಹೇಳಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಮಾತೇ ಹೊರಡುತ್ತಿರಲಿಲ್ಲ.

ಆ ರಾಜ್ಯದಲ್ಲಿ ಸಿರಿಯವ್ವ ಎಂಬಾಕೆ ಇದ್ದಳು. ಅವಳಂಥ ರುಚಿಗಾತಿ ಇನ್ನೊಬ್ಬಳಿರಲಿಲ್ಲ. ಒಂದು ಗುಟುಕು ಕುಡಿದು ಜವೆ ಯಾವ ಹೊಲದ್ದು, ನೀರು ಯಾವ ಬಾವಿಯದು ಎಂದು ಹೇಳುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಜಕ್ಕಿ. ಜಕ್ಕಿಗೆ ಏಳೂ ಹಾಡು ಬಾಯಿಪಾಠ. ಆದರೆ ಕೊರತೆ ಹೇಳು ಅಂದರೆ ಹಿಂದೆ ಸರಿಯುತ್ತಿದ್ದಳು, ಹೇಳಿದರೆ ಯಾರಿಗೆ ಎಲ್ಲಿ ನೋವಾದೀತೋ ಎಂದು. "ನಿನ್ನದು ಮೆತ್ತಗಿನ ಮನಸ್ಸು ಕಣೇ. ಮೆತ್ತಗಿರಲಿ, ಆದರೆ ಬಾಯಿಗೆ ಬೀಗ ಬೇಡ" ಎನ್ನುತ್ತಿದ್ದಳು ಸಿರಿಯವ್ವ.

ಒಂದು ಸುಗ್ಗಿಯಲ್ಲಿ ಹೊಗೆಜಡೆಯ ಎಂಬ ಮಾಂತ್ರಿಕ ಜವೆಗಿರಿಗೆ ಬಂದ. ಅವನ ಜಡೆ ಕೂದಲಿನದಲ್ಲ, ಹೊಗೆಯದು. ತಲೆಯಿಂದ ಇಳಿದು ನೆಲದ ಮೇಲೆ ಮೂರು ಮಾರು ಹರಿಯುತ್ತಿತ್ತು. ಅವನು ಆರದ ಬೆಂಕಿಯ ಮೇಲೆ ನಲವತ್ತು ದಿನ ಕುದಿಸಿದ ಕಳ್ಳು ತಂದಿದ್ದ. ಅದನ್ನು ಅರಮನೆಯ ಅಂಗಳದಲ್ಲಿ ರಾಜ ಮಲ್ಲರಸನ ಮುಂದೆ ಇಳಿಸಿ, "ಇಂಥದ್ದು ಲೋಕದಲ್ಲೇ ಇಲ್ಲ, ಕುಡಿದು ನೋಡಿ" ಅಂದ.

ಮೊದಲ ಬಟ್ಟಲು ಸಿರಿಯವ್ವನ ಕೈಗೆ ಬಂತು. ಅವಳು ಕುಡಿದಳು. ಹಂಡೆಯ ಮೇಲೆ ಕೈಯಿಟ್ಟಳು.

"ಅಯ್ಯಾ, ಹೂವು ಹಾಕಿದ್ದೀರಿ. ಆದರೆ ಹೂವು ಎಲ್ಲೂ ಇಲ್ಲ."

"ಇನ್ನೊಂದು ಗುಟುಕು ಕುಡಿದು ಹೇಳು" ಅಂದ ಹೊಗೆಜಡೆಯ.

"ಇನ್ನೊಂದು ಕುಡಿದರೂ ಅಷ್ಟೇ. ಒಪ್ಪಿದೆ ಅಂದುಬಿಡಿ ಸ್ವಾಮಿ, ಅಲ್ಲಿಗೆ ಮುಗೀತು" ಎಂದು ಸಿರಿಯವ್ವ ನಕ್ಕಳು.

ಅವನು ಅನ್ನಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕುಡಿದವಳ ನಾಲಿಗೆಯೇ ಡೊಂಕು ಅಂದ. ಹೊಗೆಯ ಜಡೆ ಮೇಲೆದ್ದು ಸಿರಿಯವ್ವನನ್ನು ಸುತ್ತಿಕೊಂಡಿತು. ಹೊಗೆ ತಿಳಿಯಾದಾಗ ಅವಳು ನಿಂತ ಜಾಗದಲ್ಲಿ ಒಂದು ತಾಮ್ರದ ಹಂಡೆ ಇತ್ತು. ಹಂಡೆಯ ಎರಡು ಕಿವಿಗಳಲ್ಲಿ ಅವಳ ಓಲೆಗಳು ಬಳೆಗಳಾಗಿ ತೂಗುತ್ತಿದ್ದವು.

ಜಕ್ಕಿ ಓಡಿಬಂದು ಹಂಡೆಯನ್ನು ತಬ್ಬಿಕೊಂಡಳು. ತಾಮ್ರ ಇನ್ನೂ ಬೆಚ್ಚಗಿತ್ತು. ಅವಳಿಗೆ ಅಳುವುದೋ ಕೂಗುವುದೋ ಗೊತ್ತಾಗಲಿಲ್ಲ, ಎರಡನ್ನೂ ಮಾಡಿದಳು.

"ನಮ್ಮವ್ವನ್ನ ಬಿಟ್ಟುಬಿಡಿ. ಬೇಕಾದರೆ ನನ್ನನ್ನು ಹಂಡೆ ಮಾಡಿ."

"ನೀನು ಯಾಕೆ? ನೀನೇನೂ ಅನ್ನಲಿಲ್ಲವಲ್ಲ" ಅಂದ ಹೊಗೆಜಡೆಯ. "ಒಂದು ಮಾತು ಕೇಳು. ಇದೇ ಹಂಡೆಯಲ್ಲಿ ಮೂರು ಸಲ ಕಳ್ಳು ಕಾಯಿಸು. ಒಮ್ಮೆಯಾದರೂ ನನ್ನ ಬಾಯಲ್ಲಿ ಕೊರತೆಯ ಮಾತು ಬರದಿದ್ದರೆ ನಿನ್ನ ಅವ್ವ ನಿನಗೆ. ಮೂರರಲ್ಲೂ ಸೋತರೆ ಹಂಡೆ ನನ್ನ ಅಡುಗೆಮನೆಗೆ. ನಿಮ್ಮ ಬೇಲಿಯ ಹೂವು ಕುಡಿದು ಕುಡಿದು ಸಾಕಾಗಿದೆ. ಯಾರೂ ಮುಟ್ಟದ, ಯಾರೂ ಹೆಸರಿಡದ ಹೂವು ತಂದು ಹಾಕು."

ಕೊರತೆ ಹೇಳಿದ್ದಕ್ಕೇ ಹೀಗಾಯಿತು ಎಂದು ಮಲ್ಲರಸ ಹೆದರಿದ. ಅಂದೇ ಡಂಗುರ ಸಾರಿಸಿದ: ಇನ್ನು ಈ ರಾಜ್ಯದಲ್ಲಿ ಯಾರೂ ಯಾವುದರಲ್ಲೂ ಕೊರತೆ ಹೇಳಕೂಡದು, ಎಲ್ಲಕ್ಕೂ "ಬಲು ಚೆನ್ನ" ಅನ್ನಬೇಕು. ಜನ ಹಾಗೇ ಅಂದರು. ರೊಟ್ಟಿ ಸೀದಿದ್ದರೂ ಬಲು ಚೆನ್ನ. ಗೋಡೆ ವಾಲಿದ್ದರೂ ಬಲು ಚೆನ್ನ. ಅರಮನೆಯ ಮಾಡು ಸೋರಿ ಸಿಂಹಾಸನದ ಮೇಲೆ ತೊಟಕು ತೊಟಕು ಎನ್ನುತ್ತಿತ್ತು. ರಾಜ ಕೊಡೆ ಹಿಡಿದುಕೊಂಡು ಒಡ್ಡೋಲಗ ನಡೆಸುತ್ತಿದ್ದ, ಮಂತ್ರಿಗಳೆಲ್ಲ "ಬಲು ಚೆನ್ನ, ಬಲು ಚೆನ್ನ" ಅನ್ನುತ್ತಿದ್ದರು.

ಜಕ್ಕಿ ಬುತ್ತಿ ಕಟ್ಟಿಕೊಂಡು ಹೂವು ಹುಡುಕುತ್ತಾ ಮೂಡಣ ಬೆಟ್ಟಕ್ಕೆ ಹೋದಳು. ಅಲ್ಲಿ ಒಂದು ಒಂಟಿ ಮರದಲ್ಲಿ ಎರಡು ತಲೆಯ ಹಕ್ಕಿ ಕೂತಿತ್ತು. ಒಂದೊಂದು ತಲೆಯೂ ಕೊಪ್ಪರಿಗೆಯಷ್ಟು ದೊಡ್ಡದು. ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಹಸಿರು ಹೂಗೊಂಚಲು. ಎರಡು ತಲೆಗಳೂ ಜಗಳವಾಡುತ್ತಿದ್ದವು.

"ಈ ಹೂವಿಗೆ ಮಾವಿನಹಣ್ಣಿನ ವಾಸನೆ" ಅಂದಿತು ಎಡದ ತಲೆ.

"ಕಿತ್ತಳೆ ವಾಸನೆ" ಅಂದಿತು ಬಲದ ತಲೆ. "ನೂರು ವರ್ಷದಿಂದ ಹೇಳುತ್ತಿದ್ದೇನೆ, ಕಿತ್ತಳೆ. ಏ ಹುಡುಗಿ, ಮೂಸಿ ನೋಡಿ ಹೇಳು. ಬಂದವರೆಲ್ಲ ಹೆದರಿ ಇಬ್ಬರದೂ ಸರಿ ಅಂದರು. ಅವರ ಮೂಗು ಕಚ್ಚಿ ಕಳಿಸಿದ್ದೇವೆ."

ಜಕ್ಕಿ ಮೂಸಿದಳು. ಇಬ್ಬರದೂ ಸರಿ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವ್ವನ ಮುಖ ನೆನಪಾಯಿತು. ಕಣ್ಣು ಮುಚ್ಚಿಕೊಂಡು ಹೇಳಿದಳು.

"ಇಬ್ಬರದೂ ತಪ್ಪು. ಇದು ಹಣ್ಣಿನ ವಾಸನೆ ಅಲ್ಲ. ಮಾವಿನಕಾಯಿ ತೊಟ್ಟು ಮುರಿದಾಗ ಸೊನೆ ಬರುತ್ತದಲ್ಲ, ಅದರದು."

ತಲೆಗಳು ಒಂದನ್ನೊಂದು ನೋಡಿದವು. ಕೊಕ್ಕು ಇಳಿಸಿ ಮತ್ತೆ ಮೂಸಿದವು. "ಹೌದಲ್ಲೇ" ಅಂದಿತು ಎಡದ್ದು. "ಹೌದು ಕಣೋ" ಅಂದಿತು ಬಲದ್ದು. ನೂರು ವರ್ಷದಲ್ಲಿ ಮೊದಲ ಬಾರಿ ಎರಡೂ ಒಟ್ಟಿಗೆ ನಕ್ಕವು. ಹಕ್ಕಿ ಒಂದು ಬುಟ್ಟಿ ಹೂವು ಕಿತ್ತು ಕೊಟ್ಟಿತು.

ಜಕ್ಕಿ ಮನೆಗೆ ಬಂದು ಜವೆಯ ಸಿಹಿನೀರನ್ನು ಹಂಡೆಗೆ ಸುರಿದಳು. ಊರಿನ ಹಿರಿಯ, ಕಂಚುಗಾರ ಚಿಕ್ಕಾಚಾರಿ, ಪಕ್ಕದಲ್ಲಿ ನಿಂತಿದ್ದ. ಜಕ್ಕಿ ಹಂಡೆಯ ಮೈಯನ್ನೊಮ್ಮೆ ಸವರಿದಳು. ಒಲೆ ಹಚ್ಚಿದಳು. ಮೊದಲ ಹಾಡಿಗೇ ಹೂವು ಹಾಕಿದಳು, ಪದ್ಧತಿಯಂತೆ. ಮೂರನೆಯ ಹಾಡಿನ ಹೊತ್ತಿಗೆ ಹಂಡೆಯ ಒಳಗಿನಿಂದ ಸಣ್ಣಗೆ ನರಳಿದ ಸದ್ದು ಬಂತು. ಜಕ್ಕಿ ಗಟ್ಟಿಯಾಗಿ ಹಾಡಿದಳು. ಏಳೂ ಹಾಡು ಮುಗಿಸಿ, ಆರಿಸಿ, ಅವ್ವನ ಮರದ ಹುಟ್ಟಿನಿಂದ ತಿರುವಿದಳು. ಆ ಹುಟ್ಟನ್ನು ಅವರ ಮನೆಯಲ್ಲಿ ಯಾರೂ ತೊಳೆಯುತ್ತಿರಲಿಲ್ಲ, ಕಳ್ಳು ಹುದುಗಿಸುವ ಹೆಪ್ಪು ಅದರ ಮೈಗೇ ಅಂಟಿಕೊಂಡಿತ್ತು.

ಹತ್ತನೆಯ ದಿನ ಹೊಗೆಜಡೆಯ ಬಂದ. ಕಳ್ಳು ಕಂದು ಬಣ್ಣಕ್ಕೆ ತಿರುಗಿತ್ತು. ಅವನು ಕುಡಿದು ಹಂಡೆಯ ಮೇಲೆ ಕೈಯಿಟ್ಟ.

"ಕಹಿ ಇದೆ. ಕಹಿ ಬಿಟ್ಟರೆ ಏನೂ ಇಲ್ಲ. ಒಂದಾಯಿತು."

ಅವನು ಹೋದ ಮೇಲೆ ಚಿಕ್ಕಾಚಾರಿ ಹಂಡೆಯ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಮುಖ ಸಣ್ಣದಾಯಿತು. "ತಗಡು ತೆಳ್ಳಗಾಗಿದೆ ಮಗಾ" ಅಂದ.

ಎರಡನೆಯ ಸಲ ಜಕ್ಕಿ ತೆಂಕಣ ಬೆಟ್ಟಕ್ಕೆ ಹೋದಳು. ಅಲ್ಲಿ ಬೋಳು ಬಂಡೆ, ಬಂಡೆಯ ಬಿರುಕಿನಲ್ಲಿ ಬಳ್ಳಿ. ಹೊತ್ತು ನೆತ್ತಿಗೇರಿತ್ತು. ಹೂವನ್ನು ಮೂಸಿದಳು, ಏನೇನೂ ವಾಸನೆಯಿಲ್ಲ. ಛೇ, ಇಷ್ಟು ದೂರ ಬಂದಿದ್ದೇ ದಂಡ ಎಂದುಕೊಂಡು ಹಿಂದಿರುಗಿದಳು. ಸೀರೆಯ ಸೆರಗನ್ನು ಯಾರೋ ಹಿಡಿದರು. ಬಂಡೆ ಎಂದುಕೊಂಡಿದ್ದರಲ್ಲಿ ಅರ್ಧ ಬಂಡೆಯಲ್ಲ, ಎತ್ತಿನ ಗಾಡಿಯುದ್ದದ ಉಡ.

ಉಡದ ಪಟ್ಟು ಎಂದರೆ ಕೇಳಬೇಕೆ. ಒಮ್ಮೆ ಎಳೆದಳು, ಪಟ್ಟು ಬಿಗಿಯಾಯಿತು. ಇನ್ನೊಮ್ಮೆ ಎಳೆದಳು, ಇನ್ನೂ ಬಿಗಿಯಾಯಿತು. ಬಂಡೆಯ ಸುತ್ತ ಎಷ್ಟೋ ಜನರ ಹರಿದ ಪಂಚೆ, ಹರಿದ ಸೆರಗು ಬಿದ್ದಿದ್ದವು. ಅವರೆಲ್ಲ ಬಟ್ಟೆ ಹರಿದುಕೊಂಡು ಓಡಿದವರು, ಹೂವಿಲ್ಲದೆ ಹೋದವರು. ಜಕ್ಕಿ ಎಳೆಯುವುದನ್ನು ನಿಲ್ಲಿಸಿ ಪಕ್ಕದಲ್ಲಿ ಕೂತಳು. ಬುತ್ತಿ ಬಿಚ್ಚಿ ತಾನು ಅರ್ಧ ರೊಟ್ಟಿ ತಿಂದು, ಉಳಿದರ್ಧವನ್ನು ಉಡದ ಮುಂದಿಟ್ಟಳು. ಅದು ಮುಟ್ಟಲಿಲ್ಲ. ಬಾಯಿಬಿಟ್ಟರೆ ಸೆರಗು ಹೋಗುತ್ತದಲ್ಲ.

ಬಿಸಿಲು ಇಳಿಯಿತು. ಬಂಡೆ ತಣ್ಣಗಾಗುತ್ತಾ ಬಂತು. ಉಡದ ದವಡೆ ತಾನಾಗಿಯೇ ಸಡಿಲವಾಯಿತು. ಆಗ ಜಕ್ಕಿಯ ಮೂಗಿಗೆ ಹೇರಳೆಕಾಯಿಯ ಸಿಪ್ಪೆ ಚಿವುಟಿದ ಹಾಗೆ ಒಂದು ಪರಿಮಳ ಬಡಿಯಿತು. ಮಧ್ಯಾಹ್ನ ಮೂಗನಂತಿದ್ದ ಬಳ್ಳಿಯೇ ಅದು.

"ತಾಳಿದವಳು ನೀನೊಬ್ಬಳೇ" ಅಂದಿತು ಉಡ, ರೊಟ್ಟಿ ಅಗಿಯುತ್ತಾ. "ಬಿಸಿ ತಾಗಿದರೆ ಹೂವು ಬಾಯಿ ಮುಚ್ಚಿಕೊಳ್ಳುತ್ತದೆ. ತಂಪಾದ ಮೇಲೆ ಮಾತಾಡುತ್ತದೆ. ಇಷ್ಟೂ ಗೊತ್ತಿಲ್ಲದೆ ಜನ ಬರುತ್ತಾರೆ, ಹೋಗುತ್ತಾರೆ. ತಗೊಂಡು ಹೋಗು."

ಜಕ್ಕಿ ಕೇಳಿಸಿಕೊಂಡಳು. ಆದರೆ ಕೇಳಿಸಿಕೊಂಡದ್ದೆಲ್ಲ ಕೂಡಲೇ ತಲೆಗೆ ಹೋಗುತ್ತದೆಯೇ? ನನಗಂತೂ ಹೋಗುವುದಿಲ್ಲ.

ಈ ಸಲ ಅವಳು ಒಂದು ಸಾಹಸ ಮಾಡಿದಳು. ಮೊದಲ ಹಾಡಿಗೆ ಹೂವು ಹಾಕಲಿಲ್ಲ, ನಾಲ್ಕನೆಯ ಹಾಡಿಗೆ ಹಾಕಿದಳು. ಚಿಕ್ಕಾಚಾರಿ ಹಣೆ ಚಚ್ಚಿಕೊಂಡ. "ತಾತನ ಕಾಲದಿಂದ ಮೊದಲ ಹಾಡಿಗೇ ಹಾಕ್ತಾ ಬಂದಿದ್ದೇವಲ್ಲೇ. ತಾತನಿಗಿಂತ ನೀನು ಜಾಣೆಯೋ?"

"ಜಾಣೆ ಅಲ್ಲ ಆಚಾರ್ರೇ. ಹೋದ ಸಲ ಸೋತವಳು."

ಹಂಡೆ ಈ ಸಲ ಎರಡನೆಯ ಹಾಡಿಗೇ ನರಳಿತು. ಜಕ್ಕಿ ಇನ್ನೂ ಗಟ್ಟಿಯಾಗಿ ಹಾಡಿದಳು. ಕಣ್ಣಲ್ಲಿ ನೀರು ಬಂತು. ಹೊಗೆ ಕಣ್ಣಿಗೆ ಹೋಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಹತ್ತನೆಯ ದಿನ ಹೊಗೆಜಡೆಯ ಬಂದ. ಕುಡಿದ, ಇನ್ನೊಂದು ಗುಟುಕು ಕುಡಿದ. ಹಂಡೆಯ ಮೇಲೆ ಕೈಯಿಟ್ಟ.

"ಹಿತ್ತಲಲ್ಲಿ ಯಾರೋ ಹಣ್ಣು ಸುಲಿಯುತ್ತಿರುವ ಹಾಗೆ ದೂರದ ಪರಿಮಳ, ಒಳಗೆ ತಂದು ಕೊಡುವವರಿಲ್ಲ. ಎರಡಾಯಿತು."

ಚಿಕ್ಕಾಚಾರಿ ಮತ್ತೆ ತಳ ತಟ್ಟಿದ. ಕಿವಿ ಹಚ್ಚಿ ಇನ್ನೊಮ್ಮೆ ತಟ್ಟಿದ. ಆಮೇಲೆ ಹೇಳಿದ: "ಸುಳ್ಳು ಹೇಳಲಾರೆ ಮಗಾ. ಇನ್ನೊಂದು ಏಳು ಹಾಡಿನ ಬೆಂಕಿಯನ್ನು ಇದು ತಡೆಯುವುದಿಲ್ಲ. ತಳ ಒಡೆಯುತ್ತದೆ."

ಕಾಯಿಸಿದರೆ ಅವ್ವ ಒಡೆಯುತ್ತಾಳೆ. ಕಾಯಿಸದಿದ್ದರೆ ಮಾಂತ್ರಿಕನ ಅಡುಗೆಮನೆಯಲ್ಲಿ ದಿನಾ ಬೇಯುತ್ತಾಳೆ. ಜಕ್ಕಿ ಎರಡು ದಿನ ಹಂಡೆಯ ಪಕ್ಕದಲ್ಲೇ ತಲೆಯ ಮೇಲೆ ಕೈಹೊತ್ತು ಕೂತಳು. ಮೂರನೆಯ ದಿನ ಎದ್ದು ಬಡಗಣ ಬೆಟ್ಟದ ಕೆರೆಗೆ ಹೋದಳು, ಕೂತರೆ ಏನೂ ಆಗುವುದಿಲ್ಲ ಎಂದು.

ಆ ಕೆರೆಯ ನೀರು ಕಾಲಿಟ್ಟರೆ ಮೂಳೆ ಕೊರೆಯುವಷ್ಟು ತಣ್ಣಗೆ. ಅಲ್ಲಿ ಒಂದು ಆಮೆಯಿತ್ತು, ಬೆನ್ನು ತೆನೆ ಒಕ್ಕುವ ಕಣದಷ್ಟು ಅಗಲ. ಬೆನ್ನ ಮೇಲೆ ಪಾಚಿ, ಪಾಚಿಯ ಮೇಲೆ ಮಣ್ಣು, ಮಣ್ಣಿನಲ್ಲಿ ಒಂದೇ ಒಂದು ಬಳ್ಳಿ, ಬಳ್ಳಿಯಲ್ಲಿ ಒಂದು ಹಿಡಿಯಷ್ಟು ಹೂವು. ವಾಸನೆ ಜಕ್ಕಿಗೆ ದಡದಲ್ಲೇ ಸಿಕ್ಕಿತು. ಯಾವ ಹಣ್ಣಿನದೂ ಅಲ್ಲ, ಯಾವ ಸೊಪ್ಪಿನದೂ ಅಲ್ಲ. ಹೊಸದಾಗಿ ಕೊಯ್ದ ಹೊಲದ ಪಕ್ಕ ಯಾರೋ ಪೇರಳೆ ಹೆಚ್ಚುತ್ತಿದ್ದ ಹಾಗೆ, ಅಷ್ಟು ಮಾತ್ರ ಹೇಳಬಹುದು.

"ಅಜ್ಜಾ, ಆ ಹೂವು ಬೇಕು" ಅಂದಳು.

"ತನ್ನ ಬೆನ್ನು ತನಗೆ ಕಾಣದು" ಅಂದಿತು ಆಮೆ. "ನನ್ನ ಬೆನ್ನ ಮೇಲೆ ಏನಿದೆ ಎಂದು ನಾನು ಸಾವಿರ ವರ್ಷದಲ್ಲಿ ನೋಡಿಲ್ಲ. ನಿನ್ನ ಬೆನ್ನೂ ನಿನಗೆ ಕಾಣದು. ಆದರೂ ಪ್ರಯತ್ನಿಸು. ಹಕ್ಕಿಗೆ ಅದರ ಕೊರತೆ ಹೇಳಿದೆಯಂತೆ, ಸುದ್ದಿ ಬಂತು. ನಿನ್ನದೊಂದು ಹೇಳು. ನಿಜವಾಗಿದ್ದರೆ ಹೂವು ನಿನಗೆ. ಸುಳ್ಳಾದರೆ ನಾನು ಮುಳುಗುತ್ತೇನೆ, ಮತ್ತೆ ಏಳುವುದು ನೂರು ವರ್ಷಕ್ಕೆ."

"ನನಗೆ ಧೈರ್ಯ ಕಡಿಮೆ" ಅಂದಳು ಜಕ್ಕಿ. ಆಮೆ ಗೇಣುದ್ದ ಮುಳುಗಿತು.

"ನನಗೆ ಅವ್ವನಷ್ಟು ರುಚಿ ತಿಳಿಯುವುದಿಲ್ಲ." ಆಮೆ ಇನ್ನೊಂದು ಗೇಣು ಮುಳುಗಿತು. ನೀರು ಬಳ್ಳಿಯ ಬುಡ ಮುಟ್ಟಿತು.

ಜಕ್ಕಿ ಕೆರೆಯಲ್ಲಿ ಮೊಣಕಾಲುದ್ದ ನಿಂತಿದ್ದಳು. ಹೇಳಬಾರದು ಎಂದು ಒಳಗೇ ಒತ್ತಿಟ್ಟುಕೊಂಡಿದ್ದ ಮಾತು ಒಂದೇ ಉಳಿದಿತ್ತು.

"ಹಂಡೆ ನರಳಿತು" ಅಂದಳು. "ಎರಡು ಸಲವೂ ನರಳಿತು. ನನಗೆ ಕೇಳಿಸಿತು. ಅವ್ವನಿಗೆ ಉರಿಯುತ್ತಿದೆ ಎಂದು ಗೊತ್ತಾಯಿತು. ಕೇಳಿಸಬಾರದು ಎಂದೇ ಗಟ್ಟಿಯಾಗಿ ಹಾಡಿದೆ. ಗೆಲ್ಲಬೇಕಿತ್ತು ನನಗೆ. ಗೆದ್ದು ಅವ್ವನ್ನ ಬಿಡಿಸಬೇಕು ಅಂತ ಅವ್ವನ್ನೇ ಸುಟ್ಟೆ ಅಜ್ಜಾ."

ಅಷ್ಟು ಹೇಳಿ ಅವಳು ನೀರಿನಲ್ಲಿ ನಿಂತೇ ಬಿಕ್ಕಿ ಬಿಕ್ಕಿ ಅತ್ತಳು. ಆಮೆ ಮೆಲ್ಲಗೆ ಮೇಲೆದ್ದು ದಡಕ್ಕೆ ಬಂದು ಬೆನ್ನು ಬಾಗಿಸಿತು. "ಬೇರಿನದೊಂದು ತುಂಡೂ ಕಿತ್ತುಕೋ. ನನಗಂತೂ ಅದು ಕಾಣುವುದಿಲ್ಲ" ಅಂದಿತು.

ಮೂರನೆಯ ಸಲ ಹಂಡೆಗೆ ಸಿಹಿನೀರು ಬಿತ್ತು. ಇಡೀ ಊರೇ ನೆರೆದಿತ್ತು, ರಾಜನೂ ಬಂದಿದ್ದ. ಜಕ್ಕಿ ಊರ ಬೇಲಿಯ ಕಹಿಹೂವನ್ನು ಒಂದು ಮುಷ್ಟಿ ಹಾಕಿ ಒಲೆ ಹಚ್ಚಿದಳು. ಆಮೆಯ ಹೂವನ್ನು ಕೊನೆಯ ಹಾಡಿಗೆ ಹಾಕೋಣ ಎಂದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನೀರು ಕುದಿಯಲು ಹತ್ತಿತು. ಹಾಡು ಎತ್ತಿದಳು.

ಉರಿಯೇ ಉರಿಯೇ ಮೆಲ್ಲಗೆ ಉರಿಯೇ
ಹಂಡೆಯ ಮೈಗೆ ನೋವಾಗದಿರಲಿ

ಮೊದಲ ಹಾಡು ಮುಗಿಯುವುದಕ್ಕೂ ಹಂಡೆ ನರಳುವುದಕ್ಕೂ ಸರಿಹೋಯಿತು. ಈ ಸಲ ಜಕ್ಕಿ ದನಿ ಏರಿಸಲಿಲ್ಲ, ಹಾಡು ನಿಲ್ಲಿಸಿದಳು. ಒಲೆಯಿಂದ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ನೀರು ಚೆಲ್ಲಿದಳು.

"ಇನ್ನೂ ಆರು ಹಾಡು ಬಾಕಿ ಇದೆಯಲ್ಲೇ" ಎಂದು ಚಿಕ್ಕಾಚಾರಿ ಓಡಿಬಂದ. "ಸರಿಯಾಗಿ ಬೇಯಲೇ ಇಲ್ಲ. ಸೋತುಬಿಡ್ತೀಯ."

"ಸೋತರೆ ಸೋಲುತ್ತೇನೆ ಆಚಾರ್ರೇ. ನಮ್ಮವ್ವನ ಕೆಳಗೆ ನಾನು ಇನ್ನು ಬೆಂಕಿ ಇಡಲಾರೆ."

ಆರಿದ ಮೇಲೆ ಅವಳು ಹುಟ್ಟಿನಿಂದ ತಿರುವಿ, ಮುಚ್ಚಳ ಹಾಕಿ, ತನ್ನ ಕಂಬಳಿಯನ್ನು ಹಂಡೆಗೆ ಹೊದಿಸಿ ಪಕ್ಕದಲ್ಲಿ ಕೂತಳು. ರಾಜ ಬಾಯಿತೆರೆದು "ಬಲು ಚೆನ್ನ" ಅಂದ. ಯಾರೂ ಅವನ ಕಡೆ ನೋಡಲಿಲ್ಲ.

ಒಂಬತ್ತು ದಿನ ಜಕ್ಕಿ ಹಂಡೆಯೊಡನೆ ಮಾತಾಡಿದಳು. ಬೆಟ್ಟದ್ದು ಹೇಳಿದಳು, ಹಕ್ಕಿಯದು ಹೇಳಿದಳು, ಉಡದ್ದು ಹೇಳಿದಳು. ಉಡ ಅಂದ ಮಾತು ಹೇಳುವಾಗ ಅವಳ ಬಾಯಿ ಅಲ್ಲೇ ನಿಂತಿತು. ಬಿಸಿ ತಾಗಿದರೆ ಹೂವು ಬಾಯಿ ಮುಚ್ಚಿಕೊಳ್ಳುತ್ತದೆ. ಅವ್ವ ಮಾಂತ್ರಿಕನಿಗೆ ಅಂದದ್ದೇನು? ಹೂವು ಹಾಕಿದ್ದೀರಿ, ಹೂವು ಎಲ್ಲೂ ಇಲ್ಲ. ಏಳು ಹಾಡಿನ ಹೊತ್ತು ಕುದಿಸಿ ಕುದಿಸಿ ಪರಿಮಳವನ್ನೆಲ್ಲ ಆವಿಯ ಜೊತೆ ಆಕಾಶಕ್ಕೆ ಕಳಿಸಿದವರು ಹೊಗೆಜಡೆಯನೊಬ್ಬನೇ ಅಲ್ಲ. ತಾತನೂ ಕಳಿಸಿದ, ಊರೆಲ್ಲ ಕಳಿಸಿತು, ತಾನೂ ಎರಡು ಸಲ ಕಳಿಸಿದಳು.

ಮಡಿಲಿನ ಹೂವು ಒಣಗಿ ಹಗುರಾಗಿತ್ತು. ಜಕ್ಕಿ ಮುಚ್ಚಳ ತೆಗೆದು ನೋಡಿದಳು. ನೊರೆ ಇಳಿದಿತ್ತು, ಕಳ್ಳು ತಣ್ಣಗಿತ್ತು. ಒಲೆಯಿಲ್ಲ, ಹಾಡಿಲ್ಲ. ಆ ತಣ್ಣನೆಯದರ ಮೇಲೇ ಹಿಡಿ ಹೂವನ್ನು ಉದುರಿಸಿ ಮತ್ತೆ ಮುಚ್ಚಿದಳು. ಹಾಗೆ ಮಾಡಿದವರು ಅವಳಿಗಿಂತ ಮುಂಚೆ ಜವೆಗಿರಿಯಲ್ಲಿ ಯಾರೂ ಇರಲಿಲ್ಲ. ಸರಿಯೋ ತಪ್ಪೋ ಅವಳಿಗೂ ಗೊತ್ತಿರಲಿಲ್ಲ.

ಹತ್ತನೆಯ ದಿನ ಬಂದ ಹೊಗೆಜಡೆಯನನ್ನು ಅವಳು ಬಾಗಿಲಲ್ಲೇ ತಡೆದಳು. "ಇನ್ನೂ ಮೂರು ದಿನ ತಾಳಿ."

"ನನಗೆ ತಾಳು ಅನ್ನುತ್ತೀಯಾ?" ಅಂದ ಅವನು. ಆದರೂ ಅಂಗಳದ ಕಟ್ಟೆಯ ಮೇಲೆ ಕೂತ. ಒಳಗಿನಿಂದ ಏನೋ ಒಂದು ಪರಿಮಳ ಬರುತ್ತಿತ್ತು, ಎದ್ದು ಹೋಗಲು ಅವನಿಗೂ ಮನಸ್ಸಾಗಲಿಲ್ಲ.

ಮೂರು ದಿನ ಕಳೆದ ಮೇಲೆ ಮಧ್ಯಾಹ್ನ ಮುಚ್ಚಳ ತೆಗೆದರು. ಕಳ್ಳು ಕಂದಾಗಿರಲಿಲ್ಲ. ಸ್ವಲ್ಪ ಕದಡಿದಂತಿದ್ದು, ಎಳೆಬಿಸಿಲಿನ ಬಣ್ಣವಿತ್ತು. ಜಕ್ಕಿ ಒಂದು ಬಟ್ಟಲು ತುಂಬಿ ಹೊಗೆಜಡೆಯನ ಕೈಗೆ ಕೊಟ್ಟಳು. ಅವನು ಅರ್ಧ ಕುಡಿದ. ಹಂಡೆಯ ಮೇಲೆ ಕೈಯಿಟ್ಟ. ಬಾಯಿ ತೆರೆದ, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ, ನುಂಗಲಾರದೆ ಉಗುಳಲಾರದೆ ನಿಂತ.

ಕೊನೆಗೆ ಅವನು ಸಣ್ಣ ದನಿಯಲ್ಲಿ ಹೇಳಿದ: "ಹೂವು ಇದೆ."

ಆಮೇಲೆ ಜಕ್ಕಿಯನ್ನು ಕೇಳಿದ: "ನನ್ನದರಲ್ಲಿ ಇರಲಿಲ್ಲ, ಅಲ್ಲವಾ?"

ಕೊರತೆ ಹೇಳಲು ಹೆದರುತ್ತಿದ್ದ ಜಕ್ಕಿ ಅವನ ಮುಖ ನೋಡಿಯೇ ಹೇಳಿದಳು. "ಇರಲಿಲ್ಲ ಸ್ವಾಮಿ. ನಲವತ್ತು ದಿನ ಕುದಿಸಿದ್ದೀರಿ, ಹೇಗಿದ್ದೀತು? ನಮ್ಮದರಲ್ಲೂ ಇರಲಿಲ್ಲ. ನಮಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಮ್ಮವ್ವನ ನಾಲಿಗೆಗೆ ಒಂದಕ್ಕೇ."

ಹೊಗೆಜಡೆಯ ಹಂಡೆಯನ್ನು ನೋಡಿದ. ಅದರ ಕಿವಿಯ ಓಲೆಗಳನ್ನು ನೋಡಿದ.

"ಒಪ್ಪಿದೆ" ಅಂದ.

ಆ ಮಾತಿಗೆ ಅವನ ಹೊಗೆಯ ಜಡೆ ತಲೆಯಿಂದ ಕಳಚಿ ಗಾಳಿಯಲ್ಲಿ ಚದುರಿಹೋಯಿತು. ಕೆಳಗೆ ಬೋಳುತಲೆಯ ಒಬ್ಬ ಮುದುಕ ಉಳಿದ. ಹಂಡೆ ಒಮ್ಮೆ ನಡುಗಿತು. ತಾಮ್ರದ ಜಾಗದಲ್ಲಿ ಸಿರಿಯವ್ವ ಕೂತಿದ್ದಳು, ಮೈಮೇಲೆ ಜಕ್ಕಿಯ ಕಂಬಳಿ, ಅಂಗಾಲಲ್ಲಿ ಸುಟ್ಟ ಕಲೆ. ಹಂಡೆಯೇ ಇಲ್ಲವಾದ ಮೇಲೆ ಹಂಡೆಯೊಳಗಿನ ಕಳ್ಳು ನಿಲ್ಲುವುದೆಲ್ಲಿ? ಅಷ್ಟೂ ಸುರಿದು ನೆಲದ ಪಾಲಾಯಿತು. ಅದರ ನಡುವೆ ತಲೆಯಿಂದ ಕಾಲಿನವರೆಗೆ ನೆಂದು ತೊಪ್ಪೆಯಾಗಿ ಸಿರಿಯವ್ವ ಕಣ್ಣು ಮಿಟುಕಿಸುತ್ತಿದ್ದಳು.

ಜಕ್ಕಿ ಅವಳ ಕಾಲು ಹಿಡಿದುಕೊಂಡಳು. "ಅವ್ವಾ, ನಿನಗೆ ತುಂಬಾ ಉರಿಯಿತಾ?"

"ಉರಿಯಿತು ಮಗಳೇ" ಅಂದಳು ಸಿರಿಯವ್ವ. ಅವಳು ಸುಳ್ಳು ಹೇಳುವವಳಲ್ಲ. "ಆಮೇಲೆ ನೀನು ಕಂಬಳಿ ಹೊದಿಸಿದೆ. ಅದೂ ಗೊತ್ತಾಯಿತು."

ಮುದುಕನ ಕೈಯಲ್ಲಿ ಅರ್ಧ ಬಟ್ಟಲು ಉಳಿದಿತ್ತು. ಇಡೀ ಲೋಕದಲ್ಲಿ ಆ ಕಳ್ಳು ಉಳಿದದ್ದು ಅಷ್ಟೇ. ಅವನು ಅದನ್ನು ಎರಡೂ ಕೈಯಲ್ಲಿ ಸಿರಿಯವ್ವನ ಮುಂದೆ ಹಿಡಿದ. ಅವಳು ಮೂಸಿದಳು. ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೂ ನಿಧಾನವಾಗಿ ಕುಡಿದಳು. ಹಂಡೆ ಇರಲಿಲ್ಲವಾದ್ದರಿಂದ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಇನ್ನೊಂದು ಹಿಡಿ ಹೂವು ಬೇಕಿತ್ತು" ಅಂದಳು.

ಜಕ್ಕಿ ಅಳುತ್ತಲೇ ನಕ್ಕಳು. "ಒಪ್ಪಿದೆ ಅವ್ವಾ."

ಆಮೆ ಕೊಟ್ಟ ಬೇರು ಅವರ ಹಿತ್ತಲಲ್ಲಿ ಚಿಗುರಿತು, ಮುಂದಿನ ಸುಗ್ಗಿಗೆ ಎರಡು ಹಿಡಿ ಹೂವಾಯಿತು. ಅದಕ್ಕೆ ಯಾರೂ ಹೆಸರಿಡಲಿಲ್ಲ, "ಕೊನೆಗೆ ಹಾಕುವ ಹೂವು" ಅನ್ನುತ್ತಾರೆ, ಅಷ್ಟೇ. ಮುದುಕ ಅಲ್ಲೇ ಉಳಿದು ಸೌದೆ ಒಡೆಯುತ್ತಾ, ಮೊದಲ ಹಾಡನ್ನು ಶ್ರುತಿ ತಪ್ಪಿ ಹಾಡುತ್ತಾ ಇದ್ದ. ತಪ್ಪಿದೆ ಎಂದು ಹೇಳಿದರೆ ಒಪ್ಪಿಕೊಳ್ಳುತ್ತಿದ್ದ. ರಾಜ ಡಂಗುರವನ್ನು ಹಿಂತೆಗೆದ. ಮಾಡು ಸೋರುತ್ತಿದೆ ಎಂದು ಆಗ ಹನ್ನೆರಡು ಮಂದಿ ಮಂತ್ರಿಗಳೂ ಒಟ್ಟಿಗೇ ಹೇಳಿದರು, ಹೆಂಚು ಬದಲಾಯಿಸಿದರು. ಜವೆಗಿರಿಯ ಜನ ಒಬ್ಬರ ಕೊರತೆ ಒಬ್ಬರು ಹೇಳಿಕೊಂಡು, ಒಬ್ಬರ ಬಟ್ಟಲು ಒಬ್ಬರು ತುಂಬಿಕೊಂಡು ಸುಖವಾಗಿ ಬಾಳಿದರು. ನನ್ನ ಕತೆಯಲ್ಲೂ ಒಂದು ಕೊರತೆ ಕಂಡಿದ್ದರೆ ಹೇಳಿಬಿಡಿ, ನಾನೂ ಒಪ್ಪಿದೆ ಅನ್ನುತ್ತೇನೆ.